ಗಣಕಯಂತ್ರಕ್ಕೆ ತಾಯತ ಬೇಡ, ಕಾವಲು ಬೇಕು



ಒಂದು ಕಾಲಕ್ಕೆ ಬ್ಯಾಂಕು, ಕಚೇರಿಗಳ ಗಾಜಿನ ಕೋಣೆಯಲ್ಲಿ ಮಾತ್ರ ಕಾಣುತ್ತಿದ್ದ ಗಣಕಯಂತ್ರವು ಇಂದು ನಮ್ಮ ಹಳ್ಳಿಗಳ ಪಡಸಾಲೆಗೂ ಬಂದು ಕುಳಿತಿದೆ. ಹಂಪಸಾಗರ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಅನೇಕ ಮನೆಗಳಲ್ಲಿ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನೋ ಮಗಳೋ ಹೊಸದನ್ನು ಕೊಂಡು ಹಳೆಯದನ್ನು ತಂದೆತಾಯಿಗಳಿಗೆ ಬಿಟ್ಟುಹೋದ ಒಂದು ಲ್ಯಾಪ್‌ಟಾಪ್ ಕಾಣಸಿಗುತ್ತದೆ. ಅದರೊಳಗೆ ಹೊಲದ ಪಹಣಿಯ ಪ್ರತಿ, ನಿವೃತ್ತಿವೇತನದ ಕಾಗದ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಲಗ್ನದ ಭಾವಚಿತ್ರಗಳು, ತೀರಿಹೋದ ಹಿರಿಯರು ಹಾಡಿದ ಭಜನೆಯ ಧ್ವನಿಮುದ್ರಣ ಇವೆಲ್ಲ ತುಂಬಿರುತ್ತವೆ. ಕೆಲವು ಕಡೆ ಊರಿನ ಮಠದ ದಾಸೋಹದ ಲೆಕ್ಕವೂ ಅದೇ ಯಂತ್ರದಲ್ಲಿರುತ್ತದೆ. ಹಿಂದೆ ಮನೆಯ ಹಿರಿಯರು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕುತ್ತಿದ್ದುದನ್ನು ನಾವು ಇಂದು ಈ ಯಂತ್ರದಲ್ಲಿ ಇಡುತ್ತಿದ್ದೇವೆ.

ಆದುದರಿಂದ ‘ನಮ್ಮ ಗಣಕಯಂತ್ರಕ್ಕೆ ಯಾವ ಆಂಟಿವೈರಸ್ ಹಾಕಿಸಬೇಕು?’ ಎಂಬ ಪ್ರಶ್ನೆಯನ್ನು ವಾಚಕರು ಕೇಳುವುದು ಸಹಜವೇ ಆಗಿದೆ. ಈ ವಿಷಯದಲ್ಲಿ ಎರಡು ಬಗೆಯ ಮನೆಗಳನ್ನು ನಾವು ಕಾಣುತ್ತೇವೆ. ಅಂಗಡಿಯವನು ಕೊಟ್ಟ ಒಂದು ಡಬ್ಬಿಯನ್ನು ಕೊಂಡು ಹಾಕಿಸಿ, ಇನ್ನು ಭಯವಿಲ್ಲವೆಂದು ವರ್ಷಗಟ್ಟಲೆ ಅದರ ಕಡೆಗೆ ನೋಡದವರು ಒಂದು ಬಗೆ. ನಮ್ಮಂಥ ಬಡವರ ಯಂತ್ರದಲ್ಲಿ ಕಳ್ಳನಿಗೇನು ಸಿಕ್ಕೀತು ಎಂದು ಏನನ್ನೂ ಮಾಡದವರು ಇನ್ನೊಂದು ಬಗೆ. ಈ ಇಬ್ಬರಿಗೂ ಉಪಯೋಗವಾಗುವಂತೆ ಕೆಲವು ಮಾತುಗಳನ್ನು ಈ ತಿಂಗಳು ಅರಿಕೆ ಮಾಡಿಕೊಳ್ಳುತ್ತೇವೆ.

ರೋಗದ ಹುಟ್ಟು

ವೈರಸ್ ಎಂಬುದು ಒಂದು ಪುಟ್ಟ ತಂತ್ರಾಂಶವಷ್ಟೆ. ಮನುಷ್ಯನೇ ಬರೆದದ್ದು. ಒಂದು ಯಂತ್ರದಿಂದ ಇನ್ನೊಂದಕ್ಕೆ ತನ್ನ ಪ್ರತಿಯನ್ನು ತಾನೇ ಅಂಟಿಸುತ್ತ ಹೋಗುವ ಗುಣವಿರುವುದರಿಂದ ಅದಕ್ಕೆ ರೋಗಾಣುವಿನ ಹೆಸರು ಬಂದಿತು. ಸಾಮಾನ್ಯ ಗಣಕಯಂತ್ರಗಳಿಗೆ ತಗುಲಿದ ಮೊದಲ ವೈರಸ್ ಎಂದು ಹೆಸರಾದ ‘ಬ್ರೇನ್’ 1986ರಲ್ಲಿ ನೆರೆಯ ಲಾಹೋರಿನಲ್ಲಿ ಹುಟ್ಟಿತು. ಅದನ್ನು ಬರೆದ ಅಣ್ಣತಮ್ಮಂದಿರು ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಯನ್ನೂ ಅದರೊಳಗೆ ಬರೆದಿಟ್ಟಿದ್ದರು. 1990ರಲ್ಲಿ ಭಾರತದಲ್ಲಿ ಪತ್ತೆಯಾದ ‘ಜೋಶಿ’ ಎಂಬ ವೈರಸ್ ಪ್ರತಿ ಜನವರಿ 5ರಂದು ಯಂತ್ರವನ್ನು ತಡೆದು ನಿಲ್ಲಿಸಿ, ‘ಹ್ಯಾಪಿ ಬರ್ತ್‌ಡೇ ಜೋಶಿ’ ಎಂದು ಬೆರಳಚ್ಚು ಮಾಡುವವರೆಗೆ ಬಿಡುತ್ತಿರಲಿಲ್ಲ. ಅಂದಿನ ಉಪದ್ರವ ಬಹುಮಟ್ಟಿಗೆ ಹುಡುಗಾಟಿಕೆಯದು. ಫ್ಲಾಪಿ ತಟ್ಟೆಗಳ ಮೂಲಕ ನಿಧಾನವಾಗಿ ಹರಡುತ್ತಿತ್ತು.

ಆ ಕಾಲದಲ್ಲಿಯೇ ನಮ್ಮ ದೇಶದಲ್ಲಿ ಮದ್ದು ಅರೆಯುವವರೂ ಹುಟ್ಟಿಕೊಂಡರು. ಪುಣೆಯಲ್ಲಿ ಕ್ಯಾಲ್ಕುಲೇಟರ್ ದುರಸ್ತಿಯ ಅಂಗಡಿಯಿಂದ ಆರಂಭಿಸಿದ ಕೈಲಾಸ್ ಕಾಟ್ಕರ್, ಗಣಕವಿದ್ಯೆ ಕಲಿತ ತಮ್ಮ ಸೋದರ ಸಂಜಯ್ ಕಾಟ್ಕರ್ ಅವರೊಡನೆ 1990ರ ದಶಕದಲ್ಲಿ ‘ಕ್ವಿಕ್ ಹೀಲ್’ ತಂತ್ರಾಂಶವನ್ನು ಸಿದ್ಧಪಡಿಸಿದರು. ದುರಸ್ತಿಗೆ ಬಂದ ಯಂತ್ರಗಳಲ್ಲಿ ವೈರಸ್ ಮತ್ತೆ ಮತ್ತೆ ಕಾಣಿಸಿಕೊಂಡದ್ದೇ ಅದಕ್ಕೆ ಪ್ರೇರಣೆ. ಚೆನ್ನೈಯ ‘ಕೆ7’ ಸಂಸ್ಥೆಯೂ ಅದೇ ದಶಕದ ಆರಂಭದ್ದು. ದುಡಿಮೆಯಲ್ಲಿ ಎದುರಾದ ತೊಡಕನ್ನೇ ಕಾಯಕವಾಗಿ ಮಾಡಿಕೊಂಡ ಇಂಥವರ ಶ್ರಮವನ್ನು ನಮ್ಮ ತರುಣರು ಗಮನಿಸಬೇಕು.

ಇಂದು ಹುಡುಗಾಟಿಕೆಯ ಕಾಲ ಕಳೆದಿದೆ, ದುಡ್ಡಿನ ಆಸೆ ಬಂದು ಸೇರಿದೆ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ 150ಕ್ಕೂ ಹೆಚ್ಚು ದೇಶಗಳ 2 ಲಕ್ಷಕ್ಕೂ ಅಧಿಕ ಯಂತ್ರಗಳಿಗೆ ನುಗ್ಗಿ, ಒಳಗಿದ್ದ ಕಡತಗಳನ್ನೆಲ್ಲ ಗುಪ್ತಲಿಪಿಗೆ ಮಾರ್ಪಡಿಸಿ, ಬಿಡಿಸಿಕೊಡಲು 300 ಡಾಲರ್ ಒತ್ತೆಹಣ ಕೇಳಿತು. ಈ ಬಗೆಯದಕ್ಕೆ ‘ರಾನ್ಸಮ್‌ವೇರ್’ ಎನ್ನುತ್ತಾರೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಜಾಲಕ್ಕೆ ಇಂಥದೇ ದಾಳಿಯಾದಾಗ, ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದರಲ್ಲಿ ದಿನಗಟ್ಟಲೆ ರೋಗಿಗಳ ಚೀಟಿಗಳನ್ನು ಕೈಯಲ್ಲಿ ಬರೆಯಬೇಕಾಯಿತು. ಇಂಥ ತಂತ್ರಾಂಶಕ್ಕೆ ದೊಡ್ಡವರು, ಬಡವರು ಎಂಬ ಭೇದವಿಲ್ಲ. ತೆರೆದ ಬಾಗಿಲು ಎಲ್ಲಿದೆಯೆಂದು ಅದು ತಾನಾಗಿಯೇ ಹುಡುಕುತ್ತ ಹೋಗುತ್ತದೆ. ಕಳ್ಳನಿಗೆ ಬೆಲೆಯಿಲ್ಲದ ಮೊಮ್ಮಗಳ ಭಾವಚಿತ್ರ ನಮಗೆ ಬೆಲೆಯುಳ್ಳದ್ದು. ಒತ್ತೆಹಣದ ವ್ಯಾಪಾರ ನಡೆಯುವುದು ಈ ಬೆಲೆಯ ಮೇಲೆಯೇ.

ಕಟ್ಟಿ ಮರೆಯುವ ವಸ್ತುವಲ್ಲ

ಆಂಟಿವೈರಸ್ ಕೆಲಸ ಮಾಡುವ ಬಗೆಯನ್ನು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಅದು ಮುಖ್ಯವಾಗಿ ಎರಡು ರೀತಿಯಲ್ಲಿ ಕಾವಲು ಕಾಯುತ್ತದೆ. ಈಗಾಗಲೇ ಸಿಕ್ಕಿಬಿದ್ದ ವೈರಸ್‌ಗಳ ಚಹರೆಯ ಪಟ್ಟಿಯೊಂದನ್ನು ಇಟ್ಟುಕೊಂಡು, ಒಳಬರುವ ಪ್ರತಿಯೊಂದು ಕಡತವನ್ನೂ ಅದಕ್ಕೆ ಹೋಲಿಸಿ ನೋಡುವುದು ಮೊದಲನೆಯದು. ಚಹರೆ ಹೊಸದಾದರೂ ನಡತೆ ಕಳ್ಳನದಾಗಿದ್ದರೆ, ಎಂದರೆ ಒಮ್ಮೆಗೇ ನೂರಾರು ಕಡತಗಳನ್ನು ತಿದ್ದಲು ಹೊರಟರೆ, ತಡೆಯುವುದು ಎರಡನೆಯದು. ದಿನದಿನವೂ ಹೊಸ ದುಷ್ಟ ತಂತ್ರಾಂಶಗಳು ಹುಟ್ಟುವುದರಿಂದ ಈ ಪಟ್ಟಿಯೂ ದಿನದಿನವೂ ಅಂತರಜಾಲದ ಮೂಲಕ ಹೊಸದಾಗುತ್ತಿರಬೇಕು. ಅವಧಿ ಮುಗಿದು ಪಟ್ಟಿ ನಿಂತುಹೋದ ಆಂಟಿವೈರಸ್, ಹತ್ತು ವರ್ಷದ ಹಿಂದಿನ ಕಳ್ಳರ ಚಿತ್ರ ಹಿಡಿದುಕೊಂಡು ಜಾತ್ರೆಯಲ್ಲಿ ನಿಂತ ಕಾವಲುಗಾರನಂತೆ.

ತಾಯತವನ್ನು ಕಟ್ಟಿಸಿಕೊಂಡವನು ಅನಂತರ ಅದರ ಬಗ್ಗೆ ಯೋಚಿಸುವುದಿಲ್ಲ, ತೋಳಿನಲ್ಲಿರುವುದೇ ಸಾಕೆಂದು ನಂಬುತ್ತಾನೆ. ಶಕುನ, ಮುಹೂರ್ತಗಳ ಭಯದಿಂದ ಜನರನ್ನು ಬಿಡಿಸಿ, ನಡೆಯ ಶುದ್ಧಿಯಲ್ಲಿಯೇ ರಕ್ಷಣೆಯಿದೆಯೆಂದು ಸಾರಿದ ಶರಣರ ಮಾರ್ಗದಲ್ಲಿ ನಡೆಯುವ ನಾವು, ಡಬ್ಬಿಯಲ್ಲಿ ಬಂದ ತಂತ್ರಾಂಶವನ್ನು ತಾಯತವಾಗಿ ಮಾಡಿಕೊಳ್ಳಬಾರದು. ಗಣಕಯಂತ್ರದ ರಕ್ಷಣೆಯೂ ನಿತ್ಯನೇಮದ ಜಾತಿಗೆ ಸೇರಿದ್ದು. ತಂತ್ರಾಂಶ ಆ ನೇಮಕ್ಕೆ ಸಹಾಯಕ ಮಾತ್ರ.

ಮೊದಲು ಮನೆಯಲ್ಲಿರುವುದನ್ನು ನೋಡಿರಿ

ಹೊಸದನ್ನು ಕೊಳ್ಳುವ ಮೊದಲು ಯಂತ್ರದಲ್ಲಿ ಈಗಾಗಲೇ ಏನಿದೆ ಎಂಬುದನ್ನು ನೋಡಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲುಗೊಂಡು ವಿಂಡೋಸ್‌ನ ಜೊತೆಯಲ್ಲಿಯೇ ‘ಡಿಫೆಂಡರ್’ ಎಂಬ ಆಂಟಿವೈರಸ್ ಬರುತ್ತಿದೆ. ಅದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಆರಂಭದ ವರ್ಷಗಳಲ್ಲಿ ಅದು ದುರ್ಬಲವೆಂಬ ಅಪಖ್ಯಾತಿ ಇದ್ದುದು ನಿಜ. ಆದರೆ ಇತ್ತೀಚಿನ ವರ್ಷಗಳಲ್ಲಿ ಜರ್ಮನಿಯ ‘ಎವಿ-ಟೆಸ್ಟ್’, ಆಸ್ಟ್ರಿಯಾದ ‘ಎವಿ-ಕಂಪ್ಯಾರಟಿವ್ಸ್’ ಎಂಬ ಸ್ವತಂತ್ರ ಪರೀಕ್ಷಾಲಯಗಳಲ್ಲಿ ಅದು ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲಿ ನಿಲ್ಲುವಷ್ಟು ಸುಧಾರಿಸಿದೆ. ಪಹಣಿ ನೋಡುವ, ಮಕ್ಕಳ ಪಾಠ ಕೇಳುವ, ಪತ್ರ ಬರೆಯುವ ಸಾಮಾನ್ಯ ಮನೆಗೆ ಅದೇ ಸಾಕು ಎಂಬುದು ನಮ್ಮ ಅಭಿಪ್ರಾಯ. ‘ವಿಂಡೋಸ್ ಸೆಕ್ಯೂರಿಟಿ’ ಎಂಬ ಕಿಟಕಿಯನ್ನು ತೆರೆದು ಹಸಿರು ಗುರುತು ಇದೆಯೇ ಎಂದು ವಾರಕ್ಕೊಮ್ಮೆ ನೋಡಿದರಾಯಿತು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ವಾರಗಳ ಪ್ರಾಯೋಗಿಕ ಆಂಟಿವೈರಸ್ ತುಂಬಿ ಕೊಡುವ ಪದ್ಧತಿಯೂ ಉಂಟು. ಬೇರೆಯದು ಕೆಲಸ ಮಾಡುತ್ತಿರುವಾಗ ಡಿಫೆಂಡರ್ ತಾನಾಗಿ ಹಿಂದೆ ಸರಿದು ಕೂಡುತ್ತದೆ. ಆದಕಾರಣ ಪ್ರಾಯೋಗಿಕ ಅವಧಿ ಮುಗಿದ ಮೇಲೆ ಒಂದೋ ಹಣ ಕಟ್ಟಿ ಅದನ್ನು ಮುಂದುವರಿಸಬೇಕು, ಇಲ್ಲವೇ ಪೂರ್ತಿಯಾಗಿ ತೆಗೆದುಹಾಕಿ, ಡಿಫೆಂಡರ್ ಎಚ್ಚರಗೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಇದಕ್ಕಿಂತಲೂ ಮುಖ್ಯವಾದ ಮಾತು ವಿಂಡೋಸ್‌ನದೇ ಪರಿಷ್ಕರಣೆ. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಲು ದೂರದ ದೃಷ್ಟಾಂತ ಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಕಲ್ಲಿನ ಕಟ್ಟೆ ಭದ್ರವಾಗಿಯೇ ಇತ್ತು, ಉಳಿದ 32 ಗೇಟುಗಳೂ ಇದ್ದವು. ಆದರೂ ಒಂದು ಸರಪಳಿ ಸೋತ ಕಡೆಯಿಂದ ರೈತರ ನೀರು ಹೊಳೆಯ ಪಾಲಾಯಿತು. ತಡೆಹಲಗೆಗಳನ್ನು ಇಳಿಸಿ ಹರಿವನ್ನು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು. ಗಣಕಯಂತ್ರದಲ್ಲಿಯೂ ಹೀಗೆಯೇ. ವಾನಾಕ್ರೈ ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಮಾರ್ಚ್ ತಿಂಗಳಿನಲ್ಲಿಯೇ, ಎಂದರೆ ದಾಳಿಗೆ ಎರಡು ತಿಂಗಳ ಮೊದಲೇ, ಹಂಚಿತ್ತು. ಅದನ್ನು ಹಾಕಿಕೊಂಡ ಯಂತ್ರಗಳಿಗೆ ಆ ಬಿರುಕಿನ ಮೂಲಕ ಅದು ನುಗ್ಗಲಾಗಲಿಲ್ಲ. ‘ಆಮೇಲೆ ನೋಡೋಣ’ ಎಂದವರ ಯಂತ್ರಗಳೇ ಹೆಚ್ಚಾಗಿ ಸಿಕ್ಕಿಬಿದ್ದವು.

ಹಳೆಯ ಯಂತ್ರವುಳ್ಳ ಮನೆಗಳು ಇಲ್ಲಿ ವಿಶೇಷ ಲಕ್ಷ್ಯ ಕೊಡಬೇಕು. ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆ 2020ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೆ ಅನಂತರವೂ ಕೆಲಕಾಲ ನೀಡುವ ಏರ್ಪಾಡನ್ನು ಸಂಸ್ಥೆಯು ಮಾಡಿತು. ಮಕ್ಕಳು ಬಿಟ್ಟುಹೋದ ಅನೇಕ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11ನ್ನು ಹೊರುವ ಯೋಗ್ಯತೆ ಇಲ್ಲ. ಅಂಥ ಯಂತ್ರದ ಮೇಲೆ ಎಷ್ಟೇ ಬೆಲೆಯ ಆಂಟಿವೈರಸ್ ಹಾಕಿದರೂ ಅದು ಸೋತ ಸರಪಳಿಗೆ ಬಣ್ಣ ಹಚ್ಚಿದಂತೆಯೇ. ‘ಉಬುಂಟು’, ‘ಮಿಂಟ್’ ಮುಂತಾದ ಲಿನಕ್ಸ್ ವ್ಯವಸ್ಥೆಗಳು ಉಚಿತವಾಗಿ ಸಿಗುತ್ತವೆ, ಕನ್ನಡವನ್ನೂ ತೋರಿಸುತ್ತವೆ. ತಿಳಿದ ತರುಣರಿಂದ ಅದನ್ನು ಹಾಕಿಸಿಕೊಳ್ಳುವುದು ಒಂದು ದಾರಿ. ಬ್ಯಾಂಕಿನ ವ್ಯವಹಾರವನ್ನು ಅಂಥ ಹಳೆಯ ಯಂತ್ರದಲ್ಲಿ ಮಾಡದಿರುವುದು ಎಲ್ಲರೂ ಹಿಡಿಯಬಹುದಾದ ದಾರಿ.

ಕೊಳ್ಳುವುದೇ ಆದರೆ

ಮನೆಯಿಂದಲೇ ವ್ಯಾಪಾರ ನಡೆಸುವವರು, ಹಲವರು ಬಳಸುವ ಯಂತ್ರವುಳ್ಳವರು, ಮಕ್ಕಳ ಮೇಲೆ ನಿಗಾ ಬೇಕೆನ್ನುವವರು ಹಣ ಕೊಟ್ಟು ಕೊಂಡರೆ ತಪ್ಪಿಲ್ಲ. ಕೊಳ್ಳುವ ಮೊದಲು ಈ ನಾಲ್ಕು ಸಂಗತಿಗಳನ್ನು ವಿಚಾರಿಸಿರಿ.

ಮೊದಲನೆಯದಾಗಿ, ಮೇಲೆ ಹೇಳಿದ ಸ್ವತಂತ್ರ ಪರೀಕ್ಷಾಲಯಗಳಲ್ಲಿ ಆ ಹೆಸರು ಕೆಲವು ವರ್ಷಗಳಿಂದ ಒಳ್ಳೆಯ ಅಂಕ ಪಡೆಯುತ್ತಿದೆಯೇ? ಅಂಗಡಿಯವನ ಮಾತು, ಜಾಹೀರಾತಿನ ಚಿತ್ರ ಇವು ಪ್ರಮಾಣವಲ್ಲ.

ಎರಡನೆಯದಾಗಿ, ಎರಡನೆಯ ವರ್ಷದ ಬೆಲೆ ಎಷ್ಟು? ಮೊದಲ ವರ್ಷ ಅಗ್ಗದಲ್ಲಿ ಕೊಟ್ಟು ನವೀಕರಣದ ಹೊತ್ತಿಗೆ ಹೆಚ್ಚು ಕೀಳುವ ರೂಢಿ ಇದೆ. ಹಣ ತಾನಾಗಿಯೇ ಖಾತೆಯಿಂದ ಕಡಿತವಾಗುವ ಒಪ್ಪಿಗೆಗೆ ಗುರುತು ಹಾಕುವ ಮೊದಲು ಎರಡು ಸಲ ಓದಬೇಕು. ಒಂದು ಪರವಾನಗಿಯಲ್ಲಿ ಎಷ್ಟು ಯಂತ್ರಗಳಿಗೆ ಅವಕಾಶವಿದೆ ಎಂಬುದನ್ನೂ ಕೇಳಬೇಕು.

ಮೂರನೆಯದಾಗಿ, ಉಚಿತವೆನ್ನುವುದು ಯಾವುದರಿಂದ ಬದುಕುತ್ತಿದೆ? ಜಗತ್ತಿನಲ್ಲಿ ಬಹಳ ಜನ ಬಳಸುವ ‘ಅವಾಸ್ಟ್’ ಎಂಬ ಆಂಟಿವೈರಸ್‌ನ ಸಂಸ್ಥೆಯು ಬಳಕೆದಾರರು ಅಂತರಜಾಲದಲ್ಲಿ ಎಲ್ಲೆಲ್ಲಿ ಓಡಾಡಿದರೆಂಬ ವಿವರವನ್ನು ತನ್ನ ಅಂಗಸಂಸ್ಥೆಯೊಂದರ ಮೂಲಕ ಮಾರಿತೆಂಬ ಆರೋಪಕ್ಕೆ ಗುರಿಯಾಗಿ, 2024ರಲ್ಲಿ ಅಮೆರಿಕೆಯ ಫೆಡರಲ್ ಟ್ರೇಡ್ ಕಮಿಷನ್ನಿಗೆ 1 ಕೋಟಿ 65 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಆ ಅಂಗಸಂಸ್ಥೆಯನ್ನು 2020ರಲ್ಲಿಯೇ ಮುಚ್ಚಲಾಗಿತ್ತು. ಕಾವಲಿಗೆ ಬಂದವನೇ ಮನೆಯ ಮಾತನ್ನು ಬೀದಿಯಲ್ಲಿ ಮಾರಿದರೆ ಗತಿಯೇನು? ಉಚಿತವಾದುದೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರವು 2017ರಿಂದ ಶುದ್ಧೀಕರಣದ ಉಪಕರಣಗಳನ್ನು ಉಚಿತವಾಗಿಯೇ ಒದಗಿಸುತ್ತ ಬಂದಿದೆ. ಕೊಡುವವರು ಯಾರು, ಏತಕ್ಕಾಗಿ ಕೊಡುತ್ತಾರೆ ಎಂಬ ವಿವೇಕ ಇರಬೇಕಷ್ಟೆ.

ನಾಲ್ಕನೆಯದಾಗಿ, ಒಂದೇ ಸಾಕು. ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಿದರೆ ಎರಡು ಪಟ್ಟು ರಕ್ಷಣೆ ಎಂದು ತಿಳಿಯುವುದು ತಪ್ಪು. ಒಂದನ್ನು ಇನ್ನೊಂದು ಸಂಶಯದಿಂದ ನೋಡಿ, ಒಂದೇ ಕಡತಕ್ಕೆ ಎರಡೂ ಕೈಹಾಕಿ, ಯಂತ್ರ ಎತ್ತಿನ ಬಂಡಿಗಿಂತ ನಿಧಾನವಾಗುತ್ತದೆ. ಏಕನಿಷ್ಠೆಯ ಮಾತು ನಮ್ಮವರಿಗೆ ಹೊಸದಲ್ಲ. ಈ ಸಣ್ಣ ವಿಷಯದಲ್ಲಿಯೂ ಅದು ಅನ್ವಯಿಸುತ್ತದೆ.

ಬಾಗಿಲು ತೆರೆಯುವವರು ನಾವೇ

ಎಂಥ ಗಟ್ಟಿ ಕಾವಲಿದ್ದರೂ ಮನೆಯ ಯಜಮಾನನೇ ಕದ ತೆರೆದು ಒಳಗೆ ಕರೆದರೆ ಕಾವಲುಗಾರನು ಏನು ಮಾಡಿಯಾನು? ನಾವು ಕದ ತೆರೆಯುವ ಸಂದರ್ಭಗಳು ಮುಖ್ಯವಾಗಿ ನಾಲ್ಕು.

ಪೆನ್ ಡ್ರೈವ್ ಒಂದು. ಮುದ್ರಣದ ಅಂಗಡಿಗೆ ಲಗ್ನಪತ್ರಿಕೆ ಅಚ್ಚು ಹಾಕಿಸಲು ಒಯ್ದ ಪೆನ್ ಡ್ರೈವ್ ಹತ್ತು ಜನರ ಯಂತ್ರದ ಎಂಜಲನ್ನು ಹೊತ್ತು ಮರಳುತ್ತದೆ. ಒಳಗಿನ ಕಡತಗಳೆಲ್ಲ ಮಾಯವಾಗಿ ಬರಿಯ ‘ಶಾರ್ಟ್‌ಕಟ್’ ಗುರುತುಗಳು ಕಾಣಿಸಿದರೆ ಅದು ರೋಗದ ಲಕ್ಷಣ. ಒತ್ತಬಾರದು. ಮೊದಲು ಆಂಟಿವೈರಸ್‌ನಿಂದ ಶೋಧಿಸಿ ಅನಂತರ ತೆರೆಯಬೇಕು.

ಕಳ್ಳಪ್ರತಿ ಎರಡನೆಯದು. ವಿಂಡೋಸ್ ಆಗಲಿ, ಅಕ್ಷರವಿನ್ಯಾಸದ ತಂತ್ರಾಂಶವಾಗಲಿ, ಹಣ ಕೊಡದೆ ಬೀಗ ಒಡೆದ ಪ್ರತಿಯನ್ನು ಹಾಕುವವರು ‘ಮೊದಲು ಆಂಟಿವೈರಸ್ ನಿಲ್ಲಿಸಿರಿ’ ಎಂದು ಸೂಚನೆ ಕೊಡುತ್ತಾರೆ. ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರರ ದುಡಿಮೆಯನ್ನು ಬೆಲೆ ಕೊಡದೆ ತೆಗೆದುಕೊಳ್ಳುವುದು ಕಾಯಕಧರ್ಮಕ್ಕೂ ಒಪ್ಪುವುದಿಲ್ಲ. ಕನ್ನಡದ ‘ನುಡಿ’ಯಂಥ ತಂತ್ರಾಂಶ ಉಚಿತವಾಗಿಯೇ ಸಿಗುವಾಗ, ಅದನ್ನು ಮೂಲಸ್ಥಾನದಿಂದಲೇ ಇಳಿಸಿಕೊಳ್ಳುವುದು ಲೇಸು.

ಲಗ್ನಪತ್ರಿಕೆಯ ವೇಷ ಮೂರನೆಯದು. ಇತ್ತೀಚಿನ ವರ್ಷಗಳಲ್ಲಿ ಮದುವೆಯ ಆಮಂತ್ರಣವೆಂದೋ, ವಾಹನದ ದಂಡದ ಚೀಟಿಯೆಂದೋ ವಾಟ್ಸಾಪ್‌ನಲ್ಲಿ ಬರುವ ಕಡತಗಳು ಮೊಬೈಲಿನೊಳಗೆ ಹೊಕ್ಕು ಬ್ಯಾಂಕಿನ ಸಂದೇಶಗಳನ್ನು ಕದಿಯುತ್ತಿವೆ. ಆಮಂತ್ರಣವು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಮೊಬೈಲಿನಲ್ಲಿ, ‘ಇಎಕ್ಸ್‌ಇ’ ಎಂದಿದ್ದರೆ ಗಣಕಯಂತ್ರದಲ್ಲಿ, ಬಂಧುಗಳ ಹೆಸರಿನಿಂದಲೇ ಬಂದಿದ್ದರೂ ತೆರೆಯಬಾರದು. ದೂರವಾಣಿಯಲ್ಲಿ ಕೇಳಿ ತಿಳಿಯುವುದಕ್ಕೆ ಸಂಕೋಚವೇಕೆ?

ಹೆದರಿಸುವ ಕಿಟಕಿ ನಾಲ್ಕನೆಯದು. ಏನನ್ನೋ ಓದುತ್ತಿರುವಾಗ ಪರದೆಯ ತುಂಬ ಕೆಂಪು ಬಣ್ಣ ಬಂದು, ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಕೂಡಲೆ ಈ ಸಂಖ್ಯೆಗೆ ಕರೆಮಾಡಿ’ ಎಂದು ಅಬ್ಬರಿಸುತ್ತದೆ. ಇದು ಶುದ್ಧ ಮೋಸ. ಮೈಕ್ರೋಸಾಫ್ಟ್‌ನ ಎಚ್ಚರಿಕೆಯಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಕರೆ ಮಾಡಿದರೆ ಮಧುರವಾಗಿ ಮಾತನಾಡುವವನೊಬ್ಬ ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶ ಹಾಕಿಸಿ, ನಿಮ್ಮ ಕಣ್ಣೆದುರಿಗೇ ಖಾತೆಯನ್ನು ಬರಿದು ಮಾಡುತ್ತಾನೆ. ಕಿಟಕಿ ಮುಚ್ಚದಿದ್ದರೆ ಯಂತ್ರವನ್ನೇ ಆರಿಸಿಬಿಡಿ. ವೈರಸ್‌ಗಿಂತ ವೈರಸ್‌ನ ಭಯದಿಂದ ಹಣ ಕಳೆದುಕೊಂಡವರಲ್ಲಿ ಹಿರಿಯರೇ ಅನೇಕರು ಎಂಬುದನ್ನು ಮನೆಯ ಕಿರಿಯರು ನೆನಪಿಡಬೇಕು.

ಪ್ರತಿ ಮಾಡಿಡುವ ಧರ್ಮ

ಇಷ್ಟೆಲ್ಲ ಮಾಡಿದರೂ ಪೂರ್ಣ ರಕ್ಷಣೆಯ ಭರವಸೆ ಯಾರೂ ಕೊಡಲಾರರು. 2024ರ ಜುಲೈ 19ರಂದು ‘ಕ್ರೌಡ್‌ಸ್ಟ್ರೈಕ್’ ಎಂಬ ಹೆಸರಾಂತ ರಕ್ಷಣಾ ತಂತ್ರಾಂಶದ ತಪ್ಪು ಪರಿಷ್ಕರಣೆಯೊಂದರಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಯನ್ನು ಕೈಯಲ್ಲಿ ಬರೆದುಕೊಟ್ಟರು. ಅದು ದೊಡ್ಡ ಸಂಸ್ಥೆಗಳ ತಂತ್ರಾಂಶ, ಮನೆಗಳದಲ್ಲ. ಆದರೂ ಕಾವಲುಗಾರನೇ ಎಡವುವುದುಂಟು ಎಂಬ ಪಾಠ ಎಲ್ಲರಿಗೂ ಸಲ್ಲುತ್ತದೆ. ಆದುದರಿಂದ ಕೊನೆಯ ಆಸರೆ ಪ್ರತಿ ಮಾಡಿಡುವುದೇ.

ಈ ಧರ್ಮವನ್ನು ನಮಗೆ ಹೊರಗಿನವರು ಕಲಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ವಿಪ್ಲವದಲ್ಲಿ ಶರಣರು ಚದುರಿಹೋದರೂ ವಚನಗಳು ಉಳಿದದ್ದು ಹೇಗೆ? ಒಂದೇ ಭಂಡಾರದಲ್ಲಿ ಒಂದೇ ಪ್ರತಿಯಾಗಿ ಅವು ಇರಲಿಲ್ಲ. ಓಲೆಗರಿ ಜೀರ್ಣವಾದಂತೆ ಹೊಸ ಗರಿಗೆ ಪ್ರತಿ ಮಾಡಿದರು, ಊರೂರಿನ ಮಠಗಳಲ್ಲಿ, ಮನೆಗಳ ಜಗುಲಿಗಳಲ್ಲಿ ಇಟ್ಟು ಕಾಯ್ದರು. ನಮ್ಮ ನೆರೆಯ ವಿಜಯನಗರದಲ್ಲಿ ಎರಡನೆಯ ದೇವರಾಯನ ಕಾಲದಲ್ಲಿ ವಚನಗಳ ಸಂಗ್ರಹಕಾರ್ಯ ನಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಆ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಒಂದು ಕಡೆ ಗೆದ್ದಲು ತಿಂದದ್ದು ಇನ್ನೊಂದು ಕಡೆ ಉಳಿದಿತ್ತು. ನಮ್ಮ ಹಿರಿಯರು ಆಂಟಿವೈರಸ್ ಕಂಡವರಲ್ಲ, ಆದರೆ ಎರಡನೆಯ ಪ್ರತಿಯ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ನಾವು ಮಾಡಬೇಕಾದುದು ಇಷ್ಟೆ. ಮುಖ್ಯ ಕಡತಗಳನ್ನೂ ಭಾವಚಿತ್ರಗಳನ್ನೂ ತಿಂಗಳಿಗೊಮ್ಮೆ, ಹುಣ್ಣಿಮೆಯೋ ಅಮಾವಾಸ್ಯೆಯೋ ನೆನಪಿಗೆ ಅನುಕೂಲವಾದ ದಿನ, ಒಂದು ಬಾಹ್ಯ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿರಿ. ಮಾಡಿದ ಮೇಲೆ ಅದನ್ನು ಯಂತ್ರದಿಂದ ಬಿಡಿಸಿ ಬೀರುವಿನಲ್ಲಿಡಿರಿ. ಹಚ್ಚಿಯೇ ಬಿಟ್ಟರೆ ರಾನ್ಸಮ್‌ವೇರ್ ಅದನ್ನೂ ನುಂಗುತ್ತದೆ. ಇನ್ನೊಂದು ಪ್ರತಿ ಬೇರೆ ಊರಿನ ಮಗಳ ಮನೆಯಲ್ಲಿರಲಿ. ಹೀಗೆ ಮಾಡಿದ ಮನೆಗೆ ಒತ್ತೆಹಣ ಕೇಳುವವನ ಹಂಗಿಲ್ಲ.

ಕೊನೆಯದಾಗಿ ಒಂದು ಮಾತು. ಯಂತ್ರಕ್ಕೆ ರೋಗ ತಗುಲಿದೆಯೆಂದು ಕಂಡರೆ ಮೊದಲು ಅಂತರಜಾಲದ ಸಂಪರ್ಕ ಕಡಿಯಿರಿ. ಒತ್ತೆಹಣ ಕೊಟ್ಟರೂ ಕಡತಗಳು ಮರಳುತ್ತವೆಂಬ ಖಾತರಿಯಿಲ್ಲ. ಖಾತೆಯಿಂದ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗನೆ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೋಸಹೋದ ಹಿರಿಯರು ನಾಚಿಕೆಯಿಂದ ಮಕ್ಕಳಿಗೂ ಹೇಳದೆ ಒಳಗೊಳಗೇ ಬೇಯುವುದುಂಟು. ಆ ಮೌನದಲ್ಲಿಯೇ ತಡೆಹಿಡಿಯಬಹುದಾಗಿದ್ದ ಹಣ ಕೈಬಿಟ್ಟು ಹೋಗುತ್ತದೆ. ಮನೆಯಲ್ಲಿ ಯಾರು ತಪ್ಪು ಗುಂಡಿ ಒತ್ತಿದರೂ ನಿರ್ಭಯವಾಗಿ ಹೇಳಿಕೊಳ್ಳುವ ವಾತಾವರಣವಿರಲಿ, ಕೇಳಿದವರು ಗದರದೆ ಪಕ್ಕದಲ್ಲಿ ಕುಳಿತು ಸರಿಪಡಿಸಲಿ. ತಿಳಿದ ತರುಣರು ರಜೆಗೆ ಊರಿಗೆ ಬಂದಾಗ ತಂದೆತಾಯಿಗಳ ಯಂತ್ರವನ್ನಷ್ಟೇ ಅಲ್ಲ, ನೆರೆಯ ಎರಡು ಮನೆಗಳ ಯಂತ್ರವನ್ನೂ ಒಂದು ಗಳಿಗೆ ನೋಡಿಕೊಟ್ಟರೆ, ಅರಿವಿನ ದಾಸೋಹವೂ ನಡೆದಂತಾಗುತ್ತದೆ.